ಒದ್ದೆ ಪಾದ ನೋಡಿ ಡ್ಯಾನ್ಸ್ ಹೇಳುತ್ತಿದ್ದ ರಘುಪತಿ

ನನ್ನ ಅಪ್ಪ ರಘುಪತಿ ಸೇಲಂನ ಗುಗೈ ಪೇಟೆಯಲ್ಲಿ ಡ್ಯಾನ್ಸ್ ಮಾಸ್ಟರ್ ಆಗಿದ್ದದ್ದು ಒಟ್ಟು ಹದಿನಾಲ್ಕು ತಿಂಗಳು. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕೆನ್ನುವವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ, ನನ್ನ ಹತ್ತಿರ ಇಲ್ಲ. ಅವನು ಕಲಿಸುತ್ತಿದ್ದದ್ದು ಭರತನಾಟ್ಯವಲ್ಲ, ಕೋಲಾಟವೂ ಅಲ್ಲ. ಗಂಡಸು ಹೆಂಗಸು ಕೈ ಕೈ ಹಿಡಿದು ಹಾಲ್ ತುಂಬ ಸುತ್ತುವ ಇಂಗ್ಲಿಷರ ಡ್ಯಾನ್ಸ್. ಅದೂ ಎಲ್ಲಿ? ಎಡಗಡೆ ಮಗ್ಗ, ಬಲಗಡೆ ಮಗ್ಗ, ಎದುರು ಮನೆಯಲ್ಲಿ ಮೂರು ಮಗ್ಗ ಇರುವ, ಮನೆಮಾತು ಕನ್ನಡವಾದ ನೇಕಾರರ ಬೀದಿಯಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಮಾತನ್ನು ಯಾರೋ ಅವನನ್ನು ನೋಡಿಯೇ ಕಟ್ಟಿರಬೇಕು.

ಯೇರ್ಕಾಡು ಬೆಟ್ಟದ ಮೇಲೆ ಕಾಫಿ ತೋಟದವರ ಹಳೆಯ ಕ್ಲಬ್ಬೊಂದರಲ್ಲಿ ಅವನು ಇಪ್ಪತ್ತೆರಡು ವರ್ಷ ಬೇರರ್ ಆಗಿದ್ದ. ತಿಂಗಳಿಗೊಮ್ಮೆ ಕೆಳಗಿಳಿದು ಮನೆಗೆ ಬರುತ್ತಿದ್ದ. ಗ್ಲಾಸು ತುಂಬಿದ ತಟ್ಟೆಯನ್ನು ಎಡ ಅಂಗೈಯ ಮೇಲೆ ಎತ್ತಿ ಹಿಡಿದು, ಗೋಡೆಯ ಪಕ್ಕ ನಿಂತು, ಕುಣಿಯುವವರ ಕಾಲುಗಳನ್ನು ನೋಡಿದ್ದೇ ಅವನ ವಿದ್ಯೆ. ತಾನಾಗಿ ಒಬ್ಬ ಹೆಂಗಸಿನ ಕೈ ಹಿಡಿದು ಒಂದು ಸುತ್ತು ಹಾಕಿದವನಲ್ಲ. ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಕ್ಲಬ್ಬಿನವರು ಡ್ಯಾನ್ಸ್ ಹಾಲಿಗೆ ಬೀಗ ಜಡಿದು, ಅವನ ಕೈಗೆ ಒಂದು ಗ್ರಾಮಫೋನು, ಹನ್ನೊಂದು ರೆಕಾರ್ಡು ಕೊಟ್ಟು ಬೆಟ್ಟ ಇಳಿಸಿದರು. ಅವನು ಅದನ್ನು ದೊಡ್ಡ ಬಿರುದು ಎಂದುಕೊಂಡು ಬಂದ.

ಬಂದದ್ದು ನನ್ನ ಅವ್ವ ರಂಗನಾಯಕಿಯ ಮನೆಗೆ. ಅದು ಅವಳ ಅಪ್ಪ ಚಿನ್ನಸ್ವಾಮಿ ಕಟ್ಟಿಸಿದ ಮನೆ, ನನ್ನಪ್ಪ ಮನೆ ಅಳಿಯ. ಮುಂದಿನ ಹಾಲಿನ ಅರ್ಧ ಭಾಗದಲ್ಲಿ ಮಗ್ಗವಿತ್ತು. ನೆಲದಲ್ಲಿ ಸೊಂಟದಷ್ಟು ಆಳದ ಗುಂಡಿ, ಅದರ ಅಂಚಿನಲ್ಲಿ ನೇಯುವವರು ಕೂರುವ ಹಲಗೆ, ಗುಂಡಿಯೊಳಗೆ ಕಾಲಿನಿಂದ ಒತ್ತುವ ಎರಡು ತುಳಿಮಣೆ. ಅವ್ವನಿಗೆ ಹತ್ತು ವರ್ಷವಾಗಿದ್ದಾಗ ತಾತ ತನ್ನ ಕೈಯಾರೆ ಅಗೆದ ಗುಂಡಿ ಅದು. ಆಗಿನಿಂದ ಅವಳು ಬೆಳಿಗ್ಗೆ ಇಳಿದರೆ ಊಟಕ್ಕೊಮ್ಮೆ ಎದ್ದು ಮತ್ತೆ ಸಂಜೆಯೇ ಏಳುತ್ತಿದ್ದದ್ದು. ನನ್ನ ಸ್ಕೂಲು ಪುಸ್ತಕ, ಅಪ್ಪ ಬೆಟ್ಟದಿಂದ ಬಂದಾಗ ತಿನ್ನುತ್ತಿದ್ದ ಕೋಳಿ ಸಾರು, ಎಲ್ಲ ಬಂದದ್ದು ಆ ಗುಂಡಿಯಿಂದ.

ಅಪ್ಪ ಬಾಗಿಲಿಗೆ ಒಂದು ಬೋರ್ಡು ಬರೆಸಿದ. ‘ನಿಮ್ಮ ಗುಣಕ್ಕೆ ತಕ್ಕ ಡ್ಯಾನ್ಸ್’ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ. ಕನ್ನಡದಲ್ಲಿ ಯಾಕಿಲ್ಲ ಎಂದು ಕೇಳಿದರೆ, ‘ಕನ್ನಡ್ದೋರು ಡ್ಯಾನ್ಸ್ ಕಲಿಯೋಕೆ ಬರ್ತಾರಾ ಲೇ?’ ಎಂದ. ಬಂದವರಿಗೆಲ್ಲ ಒಂದು ಪರೀಕ್ಷೆ. ಹಿತ್ತಾಳೆಯ ಪರಾತದಲ್ಲಿ ನೀರು ಇಟ್ಟು, ಪಾದ ಅದ್ದಿ, ಕೆಂಪು ಗಾರೆ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯಲು ಹೇಳುತ್ತಿದ್ದ. ಆ ಒದ್ದೆ ಗುರುತು ಆರುವುದರೊಳಗೆ ಕುಕ್ಕರಗಾಲಿನಲ್ಲಿ ಕೂತು ನೋಡಿ ತೀರ್ಪು ಕೊಡುತ್ತಿದ್ದ. ಹಿಮ್ಮಡಿ ಬಲವಾಗಿ ಊರಿದರೆ ಕೋಪಿಷ್ಠ, ಅವನಿಗೆ ಟ್ಯಾಂಗೊ. ಹೆಜ್ಜೆ ಹೊರಕ್ಕೆ ತಿರುಗಿದ್ದರೆ ಶೋಕಿಯವನು, ಅವನಿಗೆ ಫಾಕ್ಸ್‌ಟ್ರಾಟ್. ಹೆಜ್ಜೆ ಹೆಜ್ಜೆಗೆ ಅಂತರ ಕಡಿಮೆಯಿದ್ದರೆ ಗಡಿಬಿಡಿಯವನು, ಅವನಿಗೆ ಕ್ವಿಕ್‌ಸ್ಟೆಪ್. ಇನ್ನು ಬೆರಳು ಆಳವಾಗಿ ಒತ್ತಿ, ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ ಇದ್ದರೆ ಅದು ವಾಲ್ಟ್ಸ್ ಹೆಜ್ಜೆ. ಅದನ್ನು ಹೇಳುವಾಗ ಅವನ ದನಿ ಪೂಜಾರಿಯ ದನಿಯಾಗುತ್ತಿತ್ತು. ‘ಇಪ್ಪತ್ತೆರಡು ವರ್ಷ್‌ದಲ್ಲಿ ಒಬ್ಳೇ ಒಬ್ಳು ದೊರೆಸಾನಿ ಕಾಲು ಅಂಗಿತ್ತು. ಅದು ಉಟ್ಟಿನಿಂದ ಬರ್ಬೇಕು’ ಎನ್ನುತ್ತಿದ್ದ.

ಅವನ ಗುಟ್ಟು ನನಗೆ ಎರಡೇ ವಾರದಲ್ಲಿ ತಿಳಿಯಿತು. ಅವನು ಪಾದಕ್ಕಿಂತ ಮೊದಲು ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತಿದ್ದ. ಬೆಲೆ ಬಾಳುವ ಚಪ್ಪಲಿಯವರಿಗೆಲ್ಲ ಗಂಭೀರ ಗುಣ, ಸವೆದ ಚಪ್ಪಲಿಯವರಿಗೆಲ್ಲ ಗಡಿಬಿಡಿ ಗುಣ. ಶೆವ್ವಾಪೇಟೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡಿಸುವ ಪಟ್ಟರೆ ಇಟ್ಟುಕೊಂಡಿದ್ದ ಧನಪಾಲ್ ಎಂಬವರು ಹೆಂಡತಿ ಜಯಪ್ರಿಯಾ ಜೊತೆ ಬಂದರು. ಹೆಂಡತಿ ಕೆಮ್ಮಿದರೆ ಬೆಚ್ಚುವ ಆ ಮನುಷ್ಯನಿಗೆ ಅಪ್ಪ, ‘ಸಾರ್, ನೀವು ಹುಲಿ. ನಿಮ್ಗೆ ಟ್ಯಾಂಗೊ’ ಎಂದ. ಧನಪಾಲ್ ಎದೆ ಉಬ್ಬಿಸಿದರು. ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ನನ್ನ ಪಾದವನ್ನೂ ನೋಡಿದ್ದ. ‘ಚಪ್ಪಟೆ. ನಿನ್ಗೆ ಯಾವ್ದೂ ಇಲ್ಲ’ ಎಂದ. ಆಗ ನನಗೆ ಹದಿನಾರು ವರ್ಷ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವ್ವನ ಪಾದವನ್ನು ನೋಡಬೇಕೆಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ. ಅದು ಗುಂಡಿಯೊಳಗಿತ್ತು.

ಜಗಳ ಶುರುವಾದದ್ದು ವಾಲ್ಟ್ಸ್‌ನಿಂದ. ಅದಕ್ಕೆ ಮೂರರ ಎಣಿಕೆ. ಅಪ್ಪ ಚಪ್ಪಾಳೆ ತಟ್ಟಿ ‘ಒಂದು, ಎರಡು, ಮೂರು’ ಎನ್ನುತ್ತಿದ್ದರೆ, ಹಾಲಿನ ಆ ಕಡೆಯಿಂದ ಅವ್ವನ ಮಗ್ಗ ಟಕ್ ಟಕ್, ಟಕ್ ಟಕ್ ಎಂದು ಎರಡರಲ್ಲೇ ಬಡಿಯುತ್ತಿತ್ತು. ಕಲಿಯುವವರ ಕಾಲು ಪಾಪ, ಜೋರಾಗಿ ಕೇಳಿದ ಕಡೆಗೆ ಹೋಗುತ್ತಿತ್ತು. ಮೂರನೆಯ ಹೆಜ್ಜೆ ಎತ್ತಿದವರು ಇಡಲು ಜಾಗ ಸಿಗದೆ ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದರು. ಅಪ್ಪ ಏನು ಮಾಡಿದ ಗೊತ್ತೇ? ಯಾರಿಗೂ ವಾಲ್ಟ್ಸ್ ಹೇಳುವುದನ್ನೇ ಬಿಟ್ಟ. ಅಲ್ಲಿಂದ ಮುಂದೆ ಸೇಲಂನಲ್ಲಿ ವಾಲ್ಟ್ಸ್ ಗುಣದ ಒಬ್ಬ ಮನುಷ್ಯನೂ ಹುಟ್ಟಲಿಲ್ಲ. ಎಲ್ಲರೂ ಟ್ಯಾಂಗೊ, ಎಲ್ಲರೂ ಕ್ವಿಕ್‌ಸ್ಟೆಪ್, ಎಲ್ಲ ನನ್ನವ್ವನ ಮಗ್ಗಕ್ಕೆ ಹೊಂದುವವು.

ಜಯಪ್ರಿಯಾ ಮಾತ್ರ ಬಿಡಲಿಲ್ಲ. ಮದುವೆಯಾಗಿ ಹದಿನೈದು ವರ್ಷ ತುಂಬುವ ದಿನ ದೊಡ್ಡ ಹೋಟೆಲಿನಲ್ಲಿ ಪಾರ್ಟಿ ಇತ್ತು, ಅಲ್ಲಿ ವಾಲ್ಟ್ಸೇ ಕುಣಿಯಬೇಕು ಎಂದು ಹಟ ಹಿಡಿದಳು. ಅಪ್ಪ ಗುಂಡಿಯ ಹತ್ತಿರ ಬಂದು ನಿಂತ.

‘ಕ್ಲಾಸ್ ಟೈಮಲ್ಲಿ ಮಗ್ಗ ನಿಲ್ಸು.’

‘ಪೊಂಗಲ್‌ಗೆ ಸೀರೆ ಕೊಡ್ಬೇಕು. ನೀನು ನಿಲ್ಸು’ ಎಂದಳು ಅವ್ವ, ಲಾಳಿ ಹಾಯಿಸುತ್ತಲೇ.

‘ಈ ಗುಂಡಿ ಇಟ್ಕೊಂಡು ಯಾವನ್ ಲೇ ಡ್ಯಾನ್ಸ್ ಏಳ್ಕೊಡ್ತಾನೆ? ನೆಲಾನೇ ಸರಿ ಇಲ್ಲ.’

‘ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ’ ಎಂದಳು ಅವ್ವ. ಆಮೇಲೆ ತಿಂಗಳುಗಟ್ಟಲೆ ಅವರಿಬ್ಬರ ನಡುವೆ ಇದ್ದದ್ದು ಇದೊಂದೇ ಮಾತು. ಅವನು ಗುಂಡಿ ಮುಚ್ಚಬೇಕು ಎನ್ನುತ್ತಿದ್ದ. ಅವಳು, ನನ್ನನ್ನು ಒಳಗಿಟ್ಟು ಮುಚ್ಚು ಎನ್ನುತ್ತಿದ್ದಳು. ಒಂದು ಸಂಜೆ ಧನಪಾಲ್ ಹುಲಿಯ ಹಾಗೆ ತಿರುಗಲು ಹೋಗಿ ಮೊಣಕೈಯಿಂದ ಹಾಸಿನ ನಲವತ್ತು ಎಳೆ ಹರಿದರು. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ಅದು ಹರಿದರೆ ಎಳೆ ಎಳೆಯಾಗಿ ಗಂಟು ಹಾಕಬೇಕು. ಅವ್ವ ಎರಡು ದಿನ ಗಂಟು ಹಾಕಿದಳು. ಅಪ್ಪ ಧನಪಾಲ್ ಅವರಿಗೆ ಕಾಫಿ ತರಿಸಿದ.

ಜನವರಿಯಲ್ಲಿ ಅವ್ವ ಹೆರಿಗೆಯಾದ ತನ್ನ ಅಕ್ಕನ ಮಗಳನ್ನು ನೋಡಲೆಂದು ತಾರಮಂಗಲಕ್ಕೆ ಹೋದಳು. ಎರಡೇ ದಿನ. ಅವಳ ಬಸ್ಸು ಬೀದಿಯ ತುದಿ ದಾಟಿರಲಿಕ್ಕಿಲ್ಲ, ಅಪ್ಪ ಕತ್ತರಿ ಹಿಡಿದು ಬಂದ. ಮಗ್ಗದ ಮೇಲೆ ಇನ್ನೂ ಮೂರು ಸೀರೆಯ ಹಾಸು ಇತ್ತು. ನೇಕಾರರ ಮನೆಯಲ್ಲಿ ಹೆಣ ಬಿದ್ದರೂ ನೇಯದ ಹಾಸಿನ ನೂಲಿಗೆ ಕತ್ತರಿ ಹಾಕುವುದಿಲ್ಲ. ಅವನು ಹಾಕಿದ. ಕಂಬ ಕಿತ್ತು ಹಿತ್ತಲಿಗೆ ಎಸೆದ. ಮೇಸ್ತ್ರಿ ಪೊನ್ನುಸ್ವಾಮಿ ಒಂದು ಗಾಡಿ ಮರಳು ಸುರಿದು, ತುಳಿಮಣೆಗಳ ಸಮೇತ ಗುಂಡಿ ತುಂಬಿ, ಮರುದಿನ ಮಧ್ಯಾಹ್ನ ಮೇಲೆ ಗಾರೆ ಎಳೆದು ಕೆಂಪು ಬಣ್ಣ ತೀಡಿದ.

ನಾನು ಮನೆಯಲ್ಲೇ ಇದ್ದೆ. ತಡೆಯಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಸ್ಕೂಲಿನ ಹುಡುಗಿಯರು ‘ನಿಮ್ಮ ಮನೆಯಲ್ಲಿ ಗುಂಡಿ ಇದೆಯಂತೆ’ ಎಂದು ನಗುತ್ತಿದ್ದರು, ನನಗೂ ಒಂದು ಸಮ ನೆಲ ಬೇಕಾಗಿತ್ತು. ಅಪ್ಪನ ಮೇಲಿರುವ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದೇ.

ಅವ್ವ ಅವತ್ತೇ ಸಂಜೆ ಬಂದಳು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನೋಡಿದಳು. ಗಾರೆ ಇನ್ನೂ ಹಸಿಯಾಗಿತ್ತು.

‘ಏ ಏ, ಅಲ್ಲೇ ನಿಲ್ಲು! ಈರಮಾ ಐತೆ, ಕಾಲಿಡ್ಬೇಡ!’ ಎಂದು ಅಪ್ಪ ಅರಚಿದ.

ಅವಳು ಕಾಲಿಟ್ಟಳು. ಅವಸರವಿಲ್ಲದೆ, ಸೆರಗು ಸರಿಪಡಿಸಿಕೊಂಡು, ಆ ಹೊಳೆಯುವ ನೆಲದ ಮೇಲೆ ನಡೆದು ತನ್ನ ಮಗ್ಗವಿದ್ದ ಜಾಗಕ್ಕೆ ಹೋದಳು. ಅಲ್ಲಿ ಎರಡೂ ಪಾದ ಜೋಡಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಡುಗೆಮನೆಗೆ ಹೋಗಿ ಕಾಲು ತೊಳೆದುಕೊಂಡಳು. ಪೊನ್ನುಸ್ವಾಮಿ ಪೊಂಗಲ್‌ಗೆಂದು ನಲ್ಲಂಪಳ್ಳಿಗೆ ಹೋಗಿಬಿಟ್ಟಿದ್ದ. ಕರಣೆ ಹಿಡಿದು ಗೊತ್ತಿಲ್ಲದ ಅಪ್ಪ ರಾತ್ರಿಯೆಲ್ಲ ಶಪಿಸಿದ. ಬೆಳಿಗ್ಗೆ ಗಾರೆ ಗಟ್ಟಿಯಾಗಿತ್ತು. ಅವನು ಅದರ ಮೇಲೆ ಕೋರೆ ಚಾಪೆ ಹಾಸಿದ.

ಐದು ದಿನ ಅವ್ವ ಇಬ್ಬರಿಗೆ ಮಾತ್ರ ಅಡುಗೆ ಮಾಡಿದಳು, ತನಗೆ ಮತ್ತು ನನಗೆ. ಅಪ್ಪ ಹೋಟೆಲಿನಿಂದ ಇಡ್ಲಿ ತಂದುಕೊಂಡು ಚಾಪೆಯ ಮೇಲೆ ಕೂತು ತಿಂದ. ಗೆದ್ದವನ ಮುಖವೇ ಅದು. ಅದನ್ನು ನೋಡಿದಾಗಲೆಲ್ಲ ಇಡ್ಲಿ ಅವನ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಎಂದು ನಾನು ಹಾರೈಸಿದೆ.

ಭಾನುವಾರ ಧನಪಾಲ್ ಮತ್ತು ಜಯಪ್ರಿಯಾ ಬಂದರು. ಮಗ್ಗವಿಲ್ಲದ ಹಾಲ್ ನೋಡಿ ಇಬ್ಬರಿಗೂ ಖುಷಿ. ರೆಕಾರ್ಡು ಹಾಕಿ ಅಪ್ಪ ‘ಒಂದು, ಎರಡು, ಮೂರು’ ಎಂದ. ಮೊದಲ ಬಾರಿಗೆ ಅದು ಮೂರಾಗಿಯೇ ಕೇಳಿಸಿತು. ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೆಯ ಸುತ್ತಿನಲ್ಲಿ ಜಯಪ್ರಿಯಾಳ ಕಾಲು ಚಾಪೆಗೆ ಸಿಕ್ಕಿತು. ಅವಳು ಅದನ್ನು ಬಗ್ಗಿ ಆಚೆ ಎಳೆದಳು. ಎಳೆದವಳು ಹಾಗೇ ಬಗ್ಗಿ ನಿಂತಳು.

ಕೆಂಪು ಗಾರೆಯಲ್ಲಿ ಬೆರಳುಗಳು ಆಳವಾಗಿ ಇಳಿದಿದ್ದವು. ಹಿಮ್ಮಡಿಯ ಕಡೆ ನೆಲ ಹೆಚ್ಚುಕಡಿಮೆ ಹಾಗೆಯೇ ನುಣ್ಣಗಿತ್ತು. ಮೂವತ್ತು ವರ್ಷ ಬೆರಳ ತುದಿಯಿಂದ ತುಳಿಮಣೆ ಒತ್ತಿದವಳು ಹಿಮ್ಮಡಿ ಊರಿ ನಡೆಯುವುದನ್ನೇ ಮರೆತಿದ್ದಳು.

‘ಮಾಸ್ಟರ್’ ಎಂದಳು ಜಯಪ್ರಿಯಾ. ‘ಇದು ನೀಂಗ ಹೇಳ್ತಿದ್ದ ವಾಲ್ಟ್ಸ್ ಕಾಲ್ ಅಲ್ಲವಾ? ಯಾರದು?’

ಅಪ್ಪ ಕುಕ್ಕರಗಾಲಿನಲ್ಲಿ ಕೂತ. ಆ ಗುರುತನ್ನು ಅವನು ಮೊದಲೂ ನೋಡಿದ್ದ, ಆದರೆ ಹಾಳಾದ ನೆಲವನ್ನು ನೋಡಿದ್ದ, ಪಾದವನ್ನು ನೋಡಿರಲಿಲ್ಲ. ಈಗ ಬೆರಳಿಟ್ಟು ಸವರಿದ. ಅವನ ಮುಖದ ಬಣ್ಣ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

‘ನಂದು. ಏನೀಗ?’ ಎಂದಳು.

ಅಪ್ಪ ಎದ್ದ. ಗಿರಾಕಿಗಳ ಮುಂದೆ ಮೆರೆಯುವ ಆಸೆಯೋ, ನಿಜವಾಗಿಯೂ ಏನಾದರೂ ಆಯಿತೋ, ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಕ್ಲಬ್ಬಿನ ದೊರೆಗಳ ಹಾಗೆ ಬೆನ್ನು ನೆಟ್ಟಗೆ ಮಾಡಿ, ಅಂಗೈ ಮೇಲಾಗಿ ಕೈ ಚಾಚಿದ. ‘ಬಾ ರಂಗಿ. ನಿನ್ ಕಾಲು ವಾಲ್ಟ್ಸ್ ಕಾಲು. ಒಂದ್ ಸುತ್ತು ಬಾ.’

‘ಅದು ಕುಣಿಯಾಕೆ ಇಟ್ಟ ಎಜ್ಜೆ ಅಲ್ಲ’ ಎಂದಳು ಅವ್ವ. ‘ನಮ್ಮಪ್ಪನ್ ಗುಂಡಿ ಎಲ್ಲಿ ಐತೆ ಅಂತ ಗುರುತಿಗೆ ಇಟ್ಟಿದ್ದು. ಗಾರೆ ಒಣಗಿದ್ ಮೇಲೆ ಎಲ್ಲಿ ಅಗೀಬೇಕು ಅಂತ ತಿಳೀಬೇಕಲ್ಲ.’

ಬಾಗಿಲ ಹಿಂದಿನಿಂದ ಹಾರೆ ತೆಗೆದುಕೊಂಡು ಬಂದಳು. ಮೊದಲ ಏಟು ಎಡ ಹೆಜ್ಜೆಗುರುತಿನ ಹೆಬ್ಬೆರಳಿನ ಮೇಲೆ ಬಿತ್ತು. ಕೆಂಪು ಚೂರು ಗ್ರಾಮಫೋನಿನವರೆಗೆ ಸಿಡಿಯಿತು. ಹುಲಿ ಧನಪಾಲ್ ಹೆಂಡತಿಗಿಂತ ಮೊದಲು ಹೊಸ್ತಿಲು ದಾಟಿದರು. ಜಯಪ್ರಿಯಾ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿ ಹೋದಳು. ರೆಕಾರ್ಡು ಇನ್ನೂ ಮೂರರಲ್ಲೇ ಹಾಡುತ್ತಿತ್ತು, ಅವ್ವನ ಹಾರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಪ್ಪ ಚಾಚಿದ ಕೈ ಚಾಚಿಕೊಂಡೇ ನಿಂತಿದ್ದ. ಗಾರೆ ಒಡೆದು ಮರಳು ಕಾಣಿಸಿದಾಗ ನಾನು ಹಿತ್ತಲಿನಿಂದ ಬಾಂಡ್ಲಿ ತಂದು, ಒಡೆದ ಗಾರೆ, ಮರಳು ತುಂಬಿ, ಆ ಕೈಯ ಮೇಲೆ ಇಟ್ಟೆ.

‘ಆಚೆ ಸುರಿದು ಬಾ’ ಎಂದೆ.

ಇಪ್ಪತ್ತೆರಡು ವರ್ಷದ ಅಭ್ಯಾಸ. ಬಾಂಡ್ಲಿಯನ್ನು ಅಂಗೈಯ ಮೇಲೆ ಸಮ ಮಾಡಿಕೊಂಡು, ಒಂದು ಹರಳೂ ಚೆಲ್ಲದ ಹಾಗೆ ಭುಜದೆತ್ತರಕ್ಕೆ ಹಿಡಿದು ಬೀದಿಗೆ ಹೋದ. ಸುರಿದು, ಎರಡನೆಯದಕ್ಕೆ ವಾಪಸ್ ಬಂದ.