ಟೈಪ್ ಬರೆಯದೆ ಬಿಟ್ಟ ಜಾಗ

ಮೈಸೂರಿನಲ್ಲಿ ಪ್ರೋಗ್ರಾಮಿಂಗ್ ಕಲಿತ ಎರಡು ತಲೆಮಾರಿನವರಿಗೆ ಪ್ರೊ. ಪುಟ್ಟಲಿಂಗಮ್ಮನವರ ಪರಿಚಯ ಮಾಡಿಕೊಡಬೇಕಾಗಿಲ್ಲ. ದಿನವೂ ಕೆಸರೆಯಿಂದ ಎರಡು ಬಸ್ಸು ಬದಲಿಸಿ ಹೂಟಗಳ್ಳಿಯ ನಮ್ಮ ಕಾಲೇಜಿಗೆ ಬಂದು, ಮೂವತ್ತೊಂದು ವರ್ಷ ಪಾಠ ಹೇಳಿದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಮೆಥಡ್ ಎಂದರೆ ಪ್ರೋಗ್ರಾಮಿಗೆ ಒಪ್ಪಿಸುವ ಒಂದು ಕೆಲಸ. ಅದನ್ನು ಘೋಷಿಸುವ ಸಾಲಿನಲ್ಲಿ, ಒಳಗೆ ಬರುವುದು ಸಂಖ್ಯೆಯೋ ಅಕ್ಷರವೋ ಎಂದು ಅದರ ಟೈಪ್ ಬರೆಯಬೇಕು. ನಾವು ಕಲಿಸುವ ಭಾಷೆಯಲ್ಲಿ ಬರೆಯದಿದ್ದರೂ ತಕರಾರಿಲ್ಲ. 'ಯಾವುದೋ ಒಂದು ಆಬ್ಜೆಕ್ಟ್' ಎಂದು ಭಾಷೆಯೇ ಭಾವಿಸಿಕೊಂಡು, ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ಮೇಡಂ ಮಾತ್ರ ಬೋರ್ಡಿನ ಮೇಲೆ ಆ ಜಾಗಕ್ಕೆ ಖಾಲಿ ಚೌಕವೊಂದನ್ನು ಎಳೆದು, ತರಗತಿ ಅದನ್ನು ತುಂಬಿಸುವವರೆಗೆ ಪಾಠ ಮುಂದುವರಿಸುತ್ತಿರಲಿಲ್ಲ.

ಆರು ವರ್ಷಗಳ ಹಿಂದೆ, ಅತಿಥಿ ಉಪನ್ಯಾಸಕಿಯಾಗಿದ್ದ ನಾನು ಕಿರುಪರೀಕ್ಷೆಯ ಫಲಿತಾಂಶಕ್ಕೆ ಪ್ರೋಗ್ರಾಮ್ ಬರೆದೆ. ತಮಗೊಮ್ಮೆ ತೋರಿಸಬೇಕೆಂದು ಮೇಡಂ ಹೇಳಿದ್ದರು. ತಪ್ಪು ಕಂಡಾರೆಂಬ ಅಳುಕಿಗೆ ನಾನು ತೋರಿಸಲಿಲ್ಲ. ಮರುದಿನ ಪಟ್ಟಿಯಲ್ಲಿ, ನೂರಕ್ಕೆ ನೂರು ಪಡೆದ ಸಮನ್ವಿತಾ ಫೇಲಾಗಿದ್ದಳು. ಅಂಕಗಳ ಟೈಪನ್ನು ನಾನು ಬರೆಯದೆ ಬಿಟ್ಟಿದ್ದೆ. ಅವು ಅಕ್ಷರಗಳಾಗಿ ಒಳಬಂದು, ನಿಘಂಟಿನಲ್ಲಿ ಪದಗಳನ್ನು ಜೋಡಿಸುವಂತೆ ಹೋಲಿಕೆ ನಡೆದಿತ್ತು. 1ರಿಂದ ಶುರುವಾಗುವ 100, 3ರಿಂದ ಶುರುವಾಗುವ ಪಾಸಿನ ಅಂಕ 35ಕ್ಕಿಂತ ಚಿಕ್ಕದಾಗಿತ್ತು.

ನನ್ನ ನೇಮಕಾತಿ ಮುಂದುವರಿಯಬೇಕೇ ಬೇಡವೇ ಎಂಬುದು ಅದೇ ವಾರ ತೀರ್ಮಾನವಾಗಬೇಕಿತ್ತು. ಪ್ರಾಂಶುಪಾಲರು ನಮ್ಮಿಬ್ಬರನ್ನೂ ಕರೆಸಿ, ಇದನ್ನು ನೋಡಿ ಒಪ್ಪಿದವರು ಯಾರೆಂದು ಕೇಳಿದರು.

"ನಾನೇ ಸಾರ್. ಸರಿಯಾಗಿ ನೋಡ್ಲಿಲ್ಲ, ತಪ್ಪು ನಂದು," ಎಂದರು, ಆ ಪ್ರೋಗ್ರಾಮನ್ನು ಕಣ್ಣಿಂದಲೂ ಕಾಣದಿದ್ದ ಮೇಡಂ.

ಮೇಡಂ ಜೊತೆ ಲ್ಯಾಬಿಗೆ ಬಂದ ಮೇಲೆ ನಾನು ಅತ್ತುಬಿಟ್ಟೆ.

"ನೂರು ತೆಗ್ದಿರೋ ಮಗೀನೇ ಫೇಲ್ ಮಾಡ್ಬುಟ್ಟಲ್ಲಮ್ಮ. ನಾನು ಓದೋವಾಗ ನೀನಿದ್ದಿದ್ರೆ ನನ್ ಗತಿ ಏನು? ಅಳೋದು ಬುಡು, ಆ ಚೌಕ ತುಂಬು. ಆಮೇಲೆ ಆ ಮಗೀಗೆ ಮಾತ್ರ ನೀನೇ ಹೋಗಿ ನಿಜ ಹೇಳು ಕಣಮ್ಮ."

ಹೇಳಿದೆ. ಸಮನ್ವಿತಾ ನಕ್ಕುಬಿಟ್ಟಳು. ಮೇಡಂ ಅಂದಿನಿಂದ ಇಂದಿನವರೆಗೆ ಆ ಮಾತೆತ್ತಿಲ್ಲ. ನನ್ನ ಕೆಲಸ ಉಳಿಯಿತು. ಪ್ರಾಂಶುಪಾಲರೂ ಈ ಬೀಳ್ಕೊಡುಗೆ ಸಂಪುಟವನ್ನು ಓದುತ್ತಾರೆಂದು ತಿಳಿದೇ ಇದನ್ನು ಬರೆದಿದ್ದೇನೆ.

ಕೆಸರೆಯ ತಮ್ಮ ಮನೆಯಲ್ಲಿ ಭಾನುವಾರಗಳಂದು ಹೆಣ್ಣುಮಕ್ಕಳಿಗೆ ಪಾಠ ಶುರುಮಾಡಲಿರುವ ಮೇಡಂ ಅವರಿಗೆ, ಇನ್ನೂ ಅನೇಕ ಚೌಕಗಳನ್ನು ಎಳೆಯುವಷ್ಟು ಆಯಸ್ಸು, ಆರೋಗ್ಯ ಒದಗಲಿ.

ಕಳೆದ ವಾರ ಹೊಸ ಸಹೋದ್ಯೋಗಿಯೊಬ್ಬರು ಬಾಡಿದ ಮುಖ ಹೊತ್ತು ನನ್ನ ಮೇಜಿನ ಬಳಿ ಬಂದರು. ಅವರ ಪ್ರೋಗ್ರಾಮಿನಲ್ಲೂ ಅಂಥದೇ ಖಾಲಿ ಜಾಗ. ಇಬ್ಬರೂ ಕುಳಿತು ತುಂಬಿಸಿದೆವು. ಅವರು ಯಾರೆಂದು ನಾನು ಯಾರಿಗೂ ಹೇಳುವುದಿಲ್ಲ, ಮೇಡಂಗೂ.