ಸಿಹಿ ‘ಸೇರದ’ ಮನೆಯ ಬ್ರೌನಿ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಶಿರಸಿ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಸುಬ್ಬಲಕ್ಷ್ಮಿ ಹೆಗಡೆ ಅಡುಗೆಮನೆಯ ನೆಲಕ್ಕೆ ಹಳೆಯ ಪಂಚೆ ಹಾಸಿ ಹರವಿಟ್ಟ ಬಾದಾಮಿಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಾರೆ. ಸಿಪ್ಪೆ ಸುಲಿದ ಬಾದಾಮಿ ಪೂರ್ತಿ ಒಣಗಿರಬೇಕು. ಚೂರು ಹಸಿಯಿದ್ದರೂ ಮಿಕ್ಸಿಯಲ್ಲಿ ಪುಡಿಯಾಗದೆ ಮುದ್ದೆಯಾಗುತ್ತದೆ. ಒಣಗಿದ್ದನ್ನೂ ಒಂದೇ ಸಮನೆ ತಿರುಗಿಸುವಂತಿಲ್ಲ, ಎಣ್ಣೆ ಬಿಡುತ್ತದೆ. ಗರ್ ಎಂದು ಒಮ್ಮೆ ತಿರುಗಿಸಿ, ನಿಲ್ಲಿಸಿ, ಅಲ್ಲಾಡಿಸಿ ಮತ್ತೊಮ್ಮೆ. ಪಕ್ಕದ ಮನೆಯವರ ನಿದ್ದೆ ಕೆಡಬಾರದೆಂದು ಮಿಕ್ಸಿಯ ಕೆಳಗೆ ಮಡಿಸಿದ ಗೋಣಿತಾಟು ಇದೆ.

ಮೈದಾ ಇಲ್ಲ, ಗೋಧಿ ಇಲ್ಲ, ಅಕ್ಕಿಹಿಟ್ಟೂ ಇಲ್ಲ. ಬಾದಾಮಿ ಪುಡಿ, ಕೋಕೋ, ಬೆಣ್ಣೆ, ಕರಗಿಸಿದ ಕಪ್ಪು ಚಾಕೊಲೇಟು. ಸಕ್ಕರೆಯ ಜಾಗಕ್ಕೆ ಹುಬ್ಬಳ್ಳಿಯಿಂದ ತರಿಸುವ ಒಂದು ಬಿಳಿ ಪುಡಿ. ಅದು ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ, ನಾಲಿಗೆಗೆ ಮಾತ್ರ ತಣ್ಣಗೆ ಹತ್ತುತ್ತದೆ. ಮನೆಯಲ್ಲಿ ಅದರ ಹೆಸರು ‘ತಂಪು ಸಕ್ಕರೆ’. ಮೊಟ್ಟೆಯ ಕೆಲಸವನ್ನು ನೆನೆಸಿದ ಅಗಸೆಬೀಜದ ಲೋಳೆ ಮಾಡುತ್ತದೆ. “ಅತ್ತೆ ಇದ್ದಾಗ ಶುರು ಮಾಡಿದ್ದು. ಮೊಟ್ಟೆ ತಂದಿದ್ರೆ ಅದರ ಜೊತೆ ನಾನೂ ಅಂಗಳದಲ್ಲೇ ಇರಬೇಕಾಗಿತ್ತು” ಎಂದು ಸುಬ್ಬಲಕ್ಷ್ಮಿ ನಗುತ್ತಾರೆ.

ಮೊದಲ ತಟ್ಟೆ ಓವನ್ನಿನಲ್ಲಿ ಉಬ್ಬುತ್ತಿರುವಾಗ ಮಗಳು ಮೇಧಾ ಕಣ್ಣುಜ್ಜಿಕೊಳ್ಳುತ್ತಾ ಬಂದು ಗಾಜಿನೊಳಗೆ ಇಣುಕುತ್ತಾಳೆ. ಹತ್ತೊಂಬತ್ತರ ಹುಡುಗಿ, ಬಿಎಸ್ಸಿ ಓದುತ್ತಿದ್ದಾಳೆ.

“ಆಯಿ, ನಡುವೆ ಇನ್ನೂ ಅಲ್ಲಾಡ್ತಾ ಇದ್ದು. ತೆಗಿಯಡ.”

“ಅಲ್ಲಾಡಿದ್ರೇ ಸರಿ. ಗಟ್ಟಿಯಾದ ಮೇಲೆ ತೆಗೆದ್ರೆ, ಆರಿದಾಗ ಇಟ್ಟಂಗಿ ಆಗ್ತು.”

“ಮೊನ್ನೆದು ಇಟ್ಟಂಗಿನೇ ಆಗಿತ್ತು.”

“ಅದನ್ನೂ ಮೂರು ತಿಂದೆ ನೀನು.”

ಮೇಧಾ ನಗುತ್ತಾ ಬೆರಳು ತೊಳೆದು, ಸಣ್ಣ ಸೂಜಿಯಿಂದ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ ಯಂತ್ರದ ಅಂಕಿ ನೋಡುತ್ತಾಳೆ. ಅಷ್ಟರಲ್ಲಿ ತಾಯಿ ಎದ್ದು ಓಣಿಯ ಕಡೆಯ ಕಿಟಕಿ ಮುಚ್ಚಿಯಾಗಿದೆ. ಯಾರೂ ಹೇಳಬೇಕಾಗಿಲ್ಲ, ಕೈ ತಾನಾಗಿ ಹೋಗುತ್ತದೆ.

ಮೇಧಾಗೆ ಟೈಪ್ ಒನ್ ಮಧುಮೇಹ. ಹನ್ನೊಂದನೆಯ ವಯಸ್ಸಿನಲ್ಲಿ, ಕೊಡಗಟ್ಟಲೆ ನೀರು ಕುಡಿದರೂ ಬಾಯಾರಿಕೆ ಹಿಂಗದೆ, ನೋಡನೋಡುತ್ತಾ ಸೊರಗಿ ಹೋದಾಗ ಗೊತ್ತಾಯಿತು. ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿದೆ, ಇನ್ನು ಬದುಕಿಡೀ ಚುಚ್ಚಿಕೊಳ್ಳಬೇಕು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ತಿಳಿಹೇಳಿದರು. ಸುಬ್ಬಲಕ್ಷ್ಮಿ ತಲೆಯಾಡಿಸಿದರು. ಶಿರಸಿಗೆ ಬಂದು ಬಸ್ಸಿಳಿಯುವ ಮೊದಲೇ ಮಗಳ ಕಿವಿಯಲ್ಲಿ, ಯಾರ ಹತ್ತಿರವೂ ಹೇಳಬೇಡ ಎಂದರು. ಹೆಣ್ಣುಕೂಸು, ಜನ ಏನೆಂದಾರು, ನಾಳೆ ಮದುವೆಗೆ ಕೇಳಿಕೊಂಡು ಯಾರು ಬಂದಾರು. ಅಷ್ಟು ಸಾಕಾಗಿತ್ತು. ಆ ಮಾತು ಇವತ್ತಿನವರೆಗೂ ಈ ಮನೆಯ ಹೊಸ್ತಿಲು ದಾಟಿಲ್ಲ. ದಾಟಿದರೆ ಏನಾದೀತೆಂಬ ಹೆದರಿಕೆ ವರ್ಷ ಕಳೆದಂತೆ ಕಡಿಮೆಯಾಗಿದೆ. ದಾಟಲು ಬಿಡದೆ ಮಗಳಿಗೆ ತಾನು ಏನು ಮಾಡುತ್ತಿದ್ದೇನೆ ಎಂಬ ನಾಚಿಕೆ ಹೆಚ್ಚಾಗಿದೆ.

ಬಚ್ಚಿಡಲು ಒಂದು ಸುಳ್ಳು ಬೇಕಾಯಿತು. ಇಲ್ಲಿಯ ಊಟದ ಮನೆಗಳಲ್ಲಿ ಸಿಹಿ ಬಡಿಸುವವರು ಸುಮ್ಮನೆ ಮುಂದೆ ಹೋಗುವವರಲ್ಲ. ಬಾಳೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಒಂದು ಹೋಳಿಗೆ ಜಾರಿಸುತ್ತಾರೆ. ಅವರನ್ನು ತಡೆಯಲು ಸುಬ್ಬಲಕ್ಷ್ಮಿಗೆ ಹೊಳೆದ ಮಾತು, “ನಮ್ಮನೆ ಕೂಸಿಗೆ ಸಿಹಿ ಸೇರ್ತಿಲ್ಲೆ.” ಇಷ್ಟವಿಲ್ಲ ಎಂದು ಜನ ತಿಳಿದರು, ಮೈಗೆ ಒಗ್ಗುವುದಿಲ್ಲ ಎಂದು ತಾಯಿ ಮನಸ್ಸಿನೊಳಗೆ ಅರ್ಥ ಮಾಡಿಕೊಂಡರು. ಪೂರ್ತಿ ಸುಳ್ಳೂ ಅಲ್ಲವಲ್ಲ ಎಂಬ ಸಮಾಧಾನ. ಇನ್ಸುಲಿನ್ ಹೊತ್ತಿಗೆ ಮಗಳನ್ನು ಬಚ್ಚಲಿಗೆ ಕಳಿಸುವುದು ರೂಢಿಯಾಯಿತು. ಒಂದು ಮದುವೆಮನೆಯಲ್ಲಿ ತಡವಾಯಿತೆಂದು ಹುಡುಕಿಕೊಂಡು ಹೋದರೆ, ಕೊಡ ಬಕೆಟ್ಟುಗಳ ನಡುವೆ ಒದ್ದೆ ನೆಲದಲ್ಲಿ ನಿಂತು, ಲಂಗ ಹಲ್ಲಿನಲ್ಲಿ ಕಚ್ಚಿ ಹಿಡಿದು, ತೊಡೆಗೆ ಚುಚ್ಚಿಕೊಳ್ಳುತ್ತಿದ್ದಳು. ತಾಯಿ ಒಳಸೇರಿ ಬಾಗಿಲು ಹಾಕಿದ್ದೇ ಹೊರಗೆ ಯಾರೋ ಬಡಿಯತೊಡಗಿದರು. “ಅವಳನ್ನ ಅಲ್ಲಿ ನಿಲ್ಲಿಸಿದವಳು ನಾನೇ” ಎನ್ನುವಾಗ ಸುಬ್ಬಲಕ್ಷ್ಮಿ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಾರೆ.

ಸಿಹಿ ಸೇರದ ಹುಡುಗಿಗೆ ಚಾಕೊಲೇಟೆಂದರೆ ಪ್ರಾಣ. ಗೆಳತಿಯ ಮನೆಯಲ್ಲಿ ಬ್ರೌನಿ ನೋಡಿ ಬಂದವಳು ಅದರ ಮಾತನ್ನೇ ಆಡುತ್ತಿದ್ದಳು. ತಾಯಿ ಜೋನಿ ಬೆಲ್ಲ ಹಾಕಿ ಮಾಡಿಕೊಟ್ಟರು. “ಸಕ್ಕರೆ ಅಲ್ಲವಲ್ಲ, ಬೆಲ್ಲ ತಾನೆ ಅಂದ್ಕಂಡಿದ್ದೆ. ಅವತ್ತು ಯಂತ್ರದ ಅಂಕಿ ಏರಿದ್ದು ನೋಡಿ ಉಳಿದಿದ್ದೆಲ್ಲ ಹೊರಗೆ ಎಸೆದೆ.” ಆಮೇಲೆ ಕಲಿತದ್ದೆಲ್ಲ ಕೆಡಿಸಿ ಕೆಡಿಸಿ ಕಲಿತದ್ದು. ಕುಕ್ಕರಿನಲ್ಲಿ ಮರಳು ಹಾಕಿ ಬೇಯಿಸಿದ್ದು ತಳ ಹಿಡಿಯಿತು. ಹಿಟ್ಟಿಲ್ಲದ ಕಾರಣ ಬಿಸಿಯಿರುವಾಗ ಕತ್ತರಿಸಿದ್ದು ಹಲ್ವದಂತೆ ಹರಡಿತು. ಕರೆಂಟು ಹೋಗಿ ಅರ್ಧ ಬೆಂದದ್ದು ಗುಂಡಿ ಬಿತ್ತು. ಪ್ರತಿ ಹೊಸ ಹದಕ್ಕೂ ರುಚಿ ಹೇಳಿದವಳು, ತಿಂದಾದ ಮೇಲೆ ಬೆರಳು ಚುಚ್ಚಿ ಅಂಕಿ ಹೇಳಿದವಳು ಮೇಧಾ. ಹಾಗೆಂದು ಇದು ಔಷಧಿಯಲ್ಲ, ಇನ್ಸುಲಿನ್ ಬಿಡುವಂತೆಯೂ ಇಲ್ಲ. ಎಲ್ಲರಂತೆ ಒಂದು ತುಂಡು ಸಿಹಿ ತಿನ್ನಬಹುದು, ಅಷ್ಟೇ.

ಮೋಟಾರು ರಿವೈಂಡಿಂಗ್ ಅಂಗಡಿ ನಡೆಸುವ ಗಂಡ ನಾಗಪತಿಯವರಿಗೆ ಬ್ರೌನಿ ಇಷ್ಟವಿಲ್ಲ. “ನಂಗೆ ಖರೆ ಸೇರ್ತಿಲ್ಲೆ ಮಾರಾಯ್ತಿ. ಈ ಮನೇಲಿ ಅದನ್ನ ಹೇಳಿದ್ರೆ ಯಾರೂ ನಂಬ್ತ್ವಿಲ್ಲೆ” ಎನ್ನುವ ಅವರು ಓವನ್ನಿಗೊಂದು ಇನ್ವರ್ಟರ್ ಜೋಡಿಸಿಕೊಟ್ಟು ಸುಮ್ಮನಾಗಿದ್ದಾರೆ.

ಮಾರಾಟ ಶುರುವಾದದ್ದೂ ಆ ಸುಳ್ಳಿನಿಂದಲೇ. ಹೆಗಡೆಕಟ್ಟಾದ ನೆಂಟರ ಮನೆಯ ಊಟದಲ್ಲಿ ಮೇಧಾ ಡಬ್ಬಿ ತೆರೆದು ಬ್ರೌನಿ ತಿನ್ನುವುದನ್ನು ಚಿಕ್ಕಮ್ಮ ಒಬ್ಬರು ಕಂಡರು. “ಸಿಹಿ ಸೇರ್ತಿಲ್ಲೆ ಹೇಳ್ತಿದ್ದೆ ನೀನು. ಈಗ ಕೂಸು ಎಂತದು ತಿಂತಾ ಇದ್ದು?” ಇದು ಸಕ್ಕರೆ ಇಲ್ಲದ್ದು, ಕಹಿ ಕೇಕು ಎಂದು ಸುಬ್ಬಲಕ್ಷ್ಮಿ ತಡವರಿಸಿದರು. ಕೈ ತೊಳೆಯುವಾಗ ಅದೇ ಚಿಕ್ಕಮ್ಮ ಹಿಂದಿನಿಂದ ಬಂದು ಸೆರಗು ಜಗ್ಗಿದರು. “ನಂಗೂ ಮಾಡಿ ಕೊಡ್ತ್ಯನೆ? ಸಕ್ಕರೆ ಕಾಯಿಲೆ ಇದ್ದು ನಂಗೆ. ಸೊಸೆಗೂ ಹೇಳಿದ್ನಿಲ್ಲೆ. ನೀ ಯಾರ ಹತ್ರನೂ ಹೇಳಡ.”

ಹಾಗೆ ಒಬ್ಬರ ಬೆನ್ನಿಗೆ ಒಬ್ಬರು ಬಂದರು. ಈಗ ದಿನಕ್ಕೆ ಎರಡು ತಟ್ಟೆ, ಹಬ್ಬದ ದಿನಗಳಲ್ಲಿ ಐದಾರು. ಶಿರಸಿಯೊಳಗೆ ಅರ್ಧ, ಉಳಿದದ್ದು ಸಿದ್ದಾಪುರ, ಯಲ್ಲಾಪುರದ ಬಸ್ಸುಗಳಲ್ಲಿ ಹೋಗುತ್ತದೆ. ಡಬ್ಬಿಯ ಮೇಲೆ ಹೆಸರು ಬರೆಯಬೇಡಿ ಎಂದು ಹೇಳದ ಗಿರಾಕಿ ಕಡಿಮೆ. ಡಬ್ಬಿಗಳನ್ನು ಬಸ್ಸಿಗೆ ಮುಟ್ಟಿಸುವ ಆಟೋ ಜಟ್ಟಪ್ಪನಿಗೆ ಇದೇ ಒಂದು ತಮಾಷೆ. “ಎಂಥಾ ಮಾಲು ಅಮ್ಮಾ ಇದು? ಕೊಟ್ರೆ ಆಚೀಚೆ ನೋಡಿ ಸೆರಗಲ್ಲಿ ಮುಚ್ಕಂಡು ಓಡ್ತಾರೆ. ಒಂದಿನ ಪೊಲೀಸರು ನನ್ನೇ ಹಿಡೀತಾರೆ ನೋಡಿ.”

ಬಂದವರೆಲ್ಲ ಸುಬ್ಬಲಕ್ಷ್ಮಿಯ ಮುಂದೆ ಮನಸ್ಸು ಬಿಚ್ಚುತ್ತಾರೆ. ಅವರು ಕೇಳಿಸಿಕೊಳ್ಳುತ್ತಾರೆ, ಊಟದ ಹದ ಹೇಳುತ್ತಾರೆ. ಇಷ್ಟೆಲ್ಲ ಹೇಗೆ ಗೊತ್ತು ಎಂದರೆ, ಮೊಬೈಲಲ್ಲಿ ನೋಡಿದ್ದು ಎನ್ನುತ್ತಾರೆ. “ನಿಂಗಳ ಮನೇಲಿ ಯಾರಿಗೂ ಇಲ್ಲೆ. ಪುಣ್ಯ ಮಾಡಿದ್ದೆ ನೀನು” ಎಂದು ಹೆಗಡೆಕಟ್ಟಾದ ಚಿಕ್ಕಮ್ಮ ಅವರ ಕೈ ಹಿಡಿದು ಹೇಳಿದಾಗಲೂ ತಲೆಯಾಡಿಸಿದ್ದರು. ಒಳಗಿನ ಕೋಣೆಯಲ್ಲಿ ಮೇಧಾ ಓದುತ್ತಿದ್ದಳು.

ಇವತ್ತು ತಟ್ಟೆಗಳು ಆರುವ ಹೊತ್ತಿಗೆ ಯಲ್ಲಾಪುರದ ಬಸ್ಸಿಳಿದು ಅನುಶ್ರೀ ಬಂದಿದ್ದಾರೆ. ಮಾಗೋಡಿನ ಕಡೆಯ ರೈತರ ಮನೆಯವರು, ಮೂವತ್ತು ದಾಟಿರಲಿಕ್ಕಿಲ್ಲ. ಜೊತೆಗೆ ಏಳು ವರ್ಷದ ಮಗಳು. ಅನುಶ್ರೀ ಕುರ್ಚಿಯ ತುದಿಯಲ್ಲಿ ಕುಳಿತು ಮಗುವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ.

“ಇವಳಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಒಂದು ತಿಂಗಳಾತು ಅಕ್ಕಾ. ದಿನಾ ಸೂಜಿ. ಊರಲ್ಲಿ ಯಾರಿಗೂ ಹೇಳಿಲ್ಲ, ಶಾಲೆ ಮಾಸ್ತರಿಗೂ ಹೇಳಿಲ್ಲ. ಯಾರಾದ್ರೂ ಚಾಕಲೇಟು ಕೊಟ್ರೆ ಹೊಟ್ಟೆನೋವು ಅನ್ನು ಅಂತ ಕಲಿಸಿದೀನಿ.”

ಸುಬ್ಬಲಕ್ಷ್ಮಿ ಡಬ್ಬಿಗೆ ಹಾಸುತ್ತಿದ್ದ ಕಾಗದ ಬಿಟ್ಟು ಮಗುವನ್ನು ನೋಡುತ್ತಾರೆ.

“ನಿಮಗೆಲ್ಲಿ ಗೊತ್ತಾಗಬೇಕು ಅಕ್ಕಾ” ಎಂದು ಅನುಶ್ರೀ ಕಣ್ಣೊರೆಸಿಕೊಳ್ಳುತ್ತಾರೆ. “ನಿಮ್ಮ ಮಗಳನ್ನ ನೋಡಿದ್ರೆ ಹೊಟ್ಟೆಕಿಚ್ಚಾಗ್ತದೆ. ಎಷ್ಟು ಲಾಯ್ಕಾಗಿ ಬೆಳೆದಿದಾಳೆ. ನಮ್ಮದರ ಕತೆ ಇಲ್ಲಿಗೇ ಮುಗೀತು.”

ಬಿಸಿನೀರಲ್ಲಿ ಅದ್ದಿದ ಚಾಕು ಹಿಡಿದು ಮೇಧಾ ಬಾಗಿಲಲ್ಲಿ ನಿಂತಿದ್ದಾಳೆ. ತಾಯಿಯನ್ನು ನೋಡುತ್ತಾಳೆ. ತಾಯಿ ಹೇಳಲಿ ಎಂದು ಕಾಯುತ್ತಿರುವುದು ಅವಳ ಮುಖದಲ್ಲೇ ಇದೆ. ಸುಬ್ಬಲಕ್ಷ್ಮಿ ಬಾಯಿ ತೆರೆಯುತ್ತಾರೆ, “ಎಲ್ಲ ಸರಿ ಆಗ್ತದೆ, ಹೆದರಬೇಡಿ” ಎನ್ನುತ್ತಾರೆ. ಡಬ್ಬಿ ಕಟ್ಟಿ ಕೊಡುತ್ತಾರೆ. ಅನುಶ್ರೀ ಅದನ್ನು ಚೀಲದ ತಳಕ್ಕೆ ತುರುಕಿ, ಮಗುವಿನ ಕೈ ಹಿಡಿದು ಹೊರಡುತ್ತಾರೆ.

ಮೇಧಾ ಮೇಜಿನ ಹತ್ತಿರ ಬಂದು ಕತ್ತರಿಸಲು ಶುರು ಮಾಡುತ್ತಾಳೆ.

“ಆ ಕೂಸಿಗೆ ಹೊಟ್ಟೆನೋವಡ, ನಂಗೆ ಸಿಹಿ ಸೇರ್ತಿಲ್ಲೆಯಡ. ನಿಂಗಳಿಗೆ ಎಲ್ಲಿಂದ ಹೊಳಿತೋ ಹೀಂಗಿದ್ದು.”

“ಮೇಧಾ.”

“ಅಲ್ದ ಮತ್ತೆ? ಆ ಕೂಸಿಗೆ ಶಾಲೇಲಿ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂದ್ರೆ ಮಾಸ್ತರು ಎಂತ ಮಾಡ್ತ? ಹೊಟ್ಟೆನೋವಿನ ಗುಳಿಗೆ ಕೊಟ್ಟು ಮಲಗಿಸ್ತ. ಒಂದು ಚಮಚ ಸಕ್ಕರೆ ಕೊಡಿ ಹೇಳಿ ಅವ್ಕೆ ಯಾರು ಹೇಳ್ತ?”

ಚಪ್ಪಲಿ ಹಾಕಿಕೊಳ್ಳುವ ವ್ಯವಧಾನವಿಲ್ಲದೆ ಸುಬ್ಬಲಕ್ಷ್ಮಿ ಹೊರಗೆ ಓಡುತ್ತಾರೆ. ಓಣಿಯ ತಿರುವಿನಲ್ಲಿ ಅನುಶ್ರೀ ಜಟ್ಟಪ್ಪನ ಆಟೋ ಹತ್ತುತ್ತಿದ್ದಾರೆ. ಇವರು ಆಟೋದ ಕಂಬಿ ಹಿಡಿದು ನಿಲ್ಲುತ್ತಾರೆ. ಎಂಜಿನ್ನಿನ ಸದ್ದಿನ ಮೇಲೆ ಕೇಳಿಸಬೇಕೆಂದು ದನಿ ಏರಿಸಿದ್ದಾರೆ.

“ನನ್ನ ಮಗಳಿಗೂ ಅದೇ ಕಾಯಿಲೆ. ಹನ್ನೊಂದನೇ ವರ್ಷಕ್ಕೆ ಬಂತು. ಅವತ್ತಿಂದ ಸೂಜಿ ಚುಚ್ಕಳ್ತಾ ಇದ್ದಾಳೆ. ನಾನು ಎಲ್ಲರ ಹತ್ರ ಸುಳ್ಳು ಹೇಳಿದೆ, ಈಗ ನಿಮ್ಮ ಹತ್ರಾನೂ ಹೇಳಿದೆ. ನೀವು ಸುಳ್ಳು ಹೇಳಬೇಡಿ ತಂಗಿ. ನಾಳೆ ಮೊದಲು ಶಾಲೆಗೆ ಹೋಗಿ ಹೇಳಿ.”

ಜಟ್ಟಪ್ಪ ಎಂಜಿನ್ನು ಆರಿಸುತ್ತಾನೆ. ಹೂ ಕೊಯ್ಯುತ್ತಿದ್ದ ಎದುರುಮನೆಯಾಕೆ ಬುಟ್ಟಿ ಹಿಡಿದೇ ಗೇಟಿಗೆ ಬಂದಿದ್ದಾರೆ. “ಎಂತ ಆತು ಸುಬ್ಬಲಕ್ಷ್ಮಿ? ಯಾರಿಗೆ ಎಂತದು?” ಸುಬ್ಬಲಕ್ಷ್ಮಿಯ ಮುಖ ಕಿವಿಯವರೆಗೂ ಕೆಂಪಾಗಿದೆ. ಒಮ್ಮೆ ನೆಲ ನೋಡುತ್ತಾರೆ. ಆಮೇಲೆ ಅಷ್ಟನ್ನೂ ಇನ್ನೊಮ್ಮೆ, ಈ ಸಲ ಮೆಲ್ಲಗೆ, ಹೇಳುತ್ತಾರೆ.

ಅನುಶ್ರೀಯನ್ನು ಕರೆದುಕೊಂಡು ಮನೆಗೆ ಬರುವಾಗ ಮೇಧಾ ಜಗಲಿಯಲ್ಲಿ ಕುಳಿತಿದ್ದಾಳೆ. ಮಗು ಅವಳ ಕೈಯಲ್ಲಿರುವ, ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನನ್ನೇ ನೋಡುತ್ತದೆ.

“ನಿಂದು ಯಾವ ಬಣ್ಣ?” ಎಂದು ಮೇಧಾ ಕೇಳುತ್ತಾಳೆ.

“ನೀಲಿ. ನಿಮಗೆ ನೋವಾಗಲ್ವಾ?”

“ಆಗ್ತದೆ, ಸ್ವಲ್ಪ. ನಿಂಗೆ?”

“ನಂಗೆ ಸ್ವಲ್ಪಕ್ಕಿಂತ ಜಾಸ್ತಿ.” ಮೇಧಾ ಕೊಟ್ಟ ಬ್ರೌನಿ ತುಂಡನ್ನು ಮಗು ಕಚ್ಚಿ, ಮುಖ ಹಿಂಡಿ, “ಕಹಿ” ಎನ್ನುತ್ತದೆ. ಅದನ್ನು ಮುಗಿಸಿ ಇನ್ನೊಂದಕ್ಕೆ ಕೈ ಚಾಚುತ್ತದೆ. ಅನುಶ್ರೀ ಅಳುತ್ತಲೇ ನಗುತ್ತಾರೆ.

ಅವರು ಹೋದ ಮೇಲೆ ಸುಬ್ಬಲಕ್ಷ್ಮಿ ಅಡುಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆ ತೊಳೆಯುತ್ತಾರೆ. ಬ್ರೌನಿಯ ಬಗ್ಗೆ ಬರೆಯಲು ಬಂದ ನಾವು ಹಗುರಾಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ಮೊದಲು ಕಾಯಿಲೆ ಬಗ್ಗೆ ನಾಚಿಕೆ ಇತ್ತು. ಈಗ ನಾನು ನಾಚಿಕೆ ಪಟ್ಟಿದ್ದಕ್ಕೇ ನಾಚಿಕೆ. ಅವಳ ಎಂಟು ವರ್ಷ ನಾನು ವಾಪಸು ಕೊಡಲಿಕ್ಕೆ ಆಗ್ತದಾ? ಅವಳು ಒಂದಿನಾನೂ ಬೈದಿಲ್ಲ. ಬೈದಿದ್ರೆ ಲಾಯ್ಕಿತ್ತು.”

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂಬ ಪ್ರಶ್ನೆಗೆ ಅವರು ತಾವಾಗಿ ಉತ್ತರಿಸುವುದಿಲ್ಲ. ಇಷ್ಟು ವರ್ಷ ಮಗಳನ್ನು ಕೇಳದೆ ಮುಚ್ಚಿಟ್ಟದ್ದಾಯಿತು, ಈಗ ಕೇಳದೆ ಬಿಚ್ಚಿಡುವುದೂ ಸರಿಯಲ್ಲ ಎಂದು ಅವಳನ್ನು ಕರೆಯುತ್ತಾರೆ. ಮೇಧಾ ಡಬ್ಬಿ ಜೋಡಿಸುತ್ತಲೇ ಹೇಳುತ್ತಾಳೆ: “ಬರೀಲಿ ಆಯಿ. ಹೆಸರು ಮಾತ್ರ ಸರಿ ಬರೀಲಿ. ‘ಧ’ ಮಹಾಪ್ರಾಣ.”

ಬರುವ ತಿಂಗಳು ಹೇರೂರಿನಲ್ಲಿ ಸುಬ್ಬಲಕ್ಷ್ಮಿಯ ಅಣ್ಣನ ಮಗನ ಉಪನಯನವಿದೆ. ನೆಂಟರೆಲ್ಲ ಬರುತ್ತಾರೆ. ಅದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ ಎನ್ನುತ್ತಾರೆ ಅವರು. “ನಾನೂ ಮೇಧಾನೂ ಒಂದೇ ಪಂಕ್ತೀಲಿ ಕೂತ್ಕಳಬೇಕು. ಬಾಳೆ ಮುಂದೆ ಕೂತೇ ಅವಳು ಚುಚ್ಕಳ್ಳಲಿ. ಜನ ನೋಡಿದ್ರೆ ನೋಡ್ಲಿ. ಆಗ ನಾನು, ಯಾರು ನೋಡಿದ್ರು ಅಂತ ಆಚೀಚೆ ಕಣ್ಣು ಹಾಯಿಸ್ದೆ ಅವಳನ್ನೇ ನೋಡ್ತಾ ಇದ್ರೆ ಸಾಕು. ನಂಗೆ ಅಷ್ಟು ಬಂದ್ರೆ ಸಾಕು.”