ಆನ್‌ಲೈನ್‌ನಲ್ಲಿ ಸೋಮನಾಥ ಬಿರಾದಾರ

ವಿಕ್ರೋಳಿಯ ಕನ್ನಮವಾರ್ ನಗರದಲ್ಲಿ, ನಮ್ಮ ಬಿಲ್ಡಿಂಗಿನ ಎರಡನೆಯ ಮಹಡಿಯ ಮಾಧುರಿ ಬಿರಾದಾರಳನ್ನು ಎಲ್ಲರೂ ರೊಟ್ಟಿ ಮಾಧುರಿ ಎಂದೇ ಕರೆಯುತ್ತಿದ್ದರು. ಬೆಳಗಿನ ಹನ್ನೊಂದರೊಳಗೆ ನೂರೈವತ್ತು ಜೋಳದ ರೊಟ್ಟಿ ಬಡಿದು, ಒಣಗಿಸಿ ಕಟ್ಟಿ, ಭಾಂಡುಪಿನ ಎರಡು ಖಾನಾವಳಿಗೂ ಸುತ್ತಲಿನ ಹತ್ತು ಮನೆಗಳಿಗೂ ಕಳಿಸುತ್ತಿದ್ದಳು. ವಿಜಯಪುರದಲ್ಲಿ ಬಿ.ಕಾಂ. ಮುಗಿಸಿದವಳೆಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಹಬ್ಬದ ಮುಂದೆ ಎಷ್ಟು ರೊಟ್ಟಿ ಬೇಕಾಗುತ್ತವೆ, ಮಳೆ ಹಿಡಿದರೆ ಎಷ್ಟು ಉಳಿಯುತ್ತವೆ ಎಂಬುದು ಮಾತ್ರ ಆಕೆಗೆ ಎಲ್ಲೂ ಬರೆದಿಡದೆಯೇ ತಿಳಿಯುತ್ತಿತ್ತು.

ಗಂಡ ಸೋಮನಾಥ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದ. ಮಾತು ಕಡಿಮೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಆಫೀಸರ್ ಆಗಬೇಕೆಂಬ ಆಸೆ ಹುಟ್ಟಿ, ಒಂದು ಯೂನಿವರ್ಸಿಟಿಯ ಆನ್‌ಲೈನ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೇರಿಕೊಂಡ. ಮಾರ್ಚ್ ತಿಂಗಳ ಭಾನುವಾರಗಳಲ್ಲಿ ಊಟವಾದ ಮೇಲೆ ಕಿಟಕಿಯ ಪಕ್ಕದ ಮೇಜಿಗೆ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಆಟವನ್ನು ಮತ್ತೆ ಮತ್ತೆ ಆಡುತ್ತಿದ್ದ. ಎಲ್ಲಿಯೂ ಇಲ್ಲದ ಒಂದು ಫ್ಯಾನ್ ಕಂಪನಿ. ಅದರಲ್ಲಿ ಹಂಗಾಮಿಗೆ ಎಷ್ಟು ಫ್ಯಾನ್ ತಯಾರಿಸಬೇಕು, ಯಾವ ಊರಿಗೆ ಎಷ್ಟು ಕಳಿಸಬೇಕು, ಕೆಲಸಕ್ಕೆ ಎಷ್ಟು ಜನ ಬೇಕು ಎಂದು ಇವನು ನಿರ್ಧರಿಸಬೇಕು. ಅದು ಅಭ್ಯಾಸದ ಆಟ. ನಿಜವಾದದ್ದು ಜೂನಿನಿಂದ: ಮೂವರ ತಂಡ, ಭಾನುವಾರಕ್ಕೊಂದರಂತೆ ಆರು ಸುತ್ತು.

ಏಪ್ರಿಲಿನ ಒಂದು ಬೆಳಿಗ್ಗೆ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ದಾಟುವ ಸೇತುವೆಯ ಮೆಟ್ಟಿಲ ಮೇಲೆ ಸೋಮನಾಥ ಸುಸ್ತಾಯಿತೆಂದು ಕುಳಿತ. ಮತ್ತೆ ಏಳಲಿಲ್ಲ.

ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಮಾಧುರಿ ಮತ್ತು ಅತ್ತೆ ರಾಚವ್ವ. ರಾಚವ್ವನಿಗೆ ಎಪ್ಪತ್ತಾರು. ಕಣ್ಣು ಬಹುಪಾಲು ಹೋಗಿತ್ತು, ಕಿವಿ ಮಾತ್ರ ಚುರುಕು. ಮಗನ ಹೆಣದ ತಲೆ ಸವರಿ ಅತ್ತವಳು, ಆಮೇಲೆ ಅವನ ಹೆಸರನ್ನೇ ಎತ್ತಿರಲಿಲ್ಲ.

ಜೂನಿನ ಮೊದಲ ಭಾನುವಾರ ಸೋಮನಾಥನ ಮೊಬೈಲಿಗೆ ಒಂದು ಮೇಲ್ ಬಂತು. ‘ಸೋಮನಾಥ್, ನಿಮ್ಮ ತಂಡ ನಿಮಗಾಗಿ ಕಾಯುತ್ತಿದೆ.’ ಒಂದು ಗಂಟೆಗೆ ಮತ್ತೊಂದು, ಎರಡಕ್ಕೆ ಇನ್ನೊಂದು. ಮಾಧುರಿಗೆ ತಡೆಯಲಾಗಲಿಲ್ಲ. ಪಾಪ, ಕಾಯುವವರಿಗೆ ವಿಷಯ ತಿಳಿಸಿಬಿಡೋಣ ಎಂದು ಗಂಡನ ಕುರ್ಚಿಯಲ್ಲಿ ಮೊದಲ ಸಲ ಕೂತು ಲ್ಯಾಪ್‌ಟಾಪ್ ತೆರೆದಳು. ಪಾಸ್‌ವರ್ಡ್ ಆಕೆಯ ತವರಿನ ಹೆಸರೇ ಆಗಿತ್ತು.

ಪರದೆಯ ಮೇಲೆ ಎರಡು ಹೆಸರು, ತಿಲಕ್ ಮತ್ತು ಯಕ್ಷಿತಾ. ಗಂಡನ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಕೂಡಲೇ ತಿಲಕ್ ಬರೆದ: ‘ಅಬ್ಬಾ, ಸರ್ ಬಂದ್ರು! ಬಿರಾದಾರ ಅಂದ್ರೆ ಕನ್ನಡದವ್ರಾ ಸರ್? ನಾನೂ ಕನ್ನಡ. ಗ್ರಾಂಟ್ ರೋಡಲ್ಲಿ ನಮ್ಮ ಹೋಟೆಲ್ ಉಂಟು.’

ಮಾಧುರಿ ಎರಡು ಅಕ್ಷರ ಬರೆದು ಅಳಿಸಿದಳು. ಇನ್ನೆರಡು ಬರೆದು ಅಳಿಸಿದಳು. ಕೊನೆಗೆ ಬರೆದದ್ದು: ‘ಕ್ಷಮಿಸಿ, ತಡ ಆತು.’

ಯಾಕೆ ಹಾಗೆ ಮಾಡಿದೆ ಎಂದು ಆಮೇಲೊಮ್ಮೆ ನಾನು ಕೇಳಿದಾಗ ಆಕೆ ಹೇಳಿದಳು: “ಅವರಿಬ್ಬರ ಮಟ್ಟಿಗೆ ನಮ್ಮನಿಯವರು ಬರೇ ತಡ ಮಾಡಿ ಬಂದವರಾಗಿದ್ರರಿ. ಅಷ್ಟ. ಅದನ್ನ ಹಾಳು ಮಾಡಾಕ ಕೈ ಬರಲಿಲ್ಲ.”

ಹೀಗೆ ಮಾಧುರಿ ಸೋಮನಾಥನಾದಳು. ಕ್ಯಾಮರಾ ಕೆಟ್ಟಿದೆ, ಮೈಕೂ ಸರಿಯಿಲ್ಲ ಎಂದು ಹೇಳಿ, ಅವರಿಬ್ಬರೂ ಮಾತಾಡುವುದನ್ನು ಕೇಳುತ್ತ ತಾನು ಬರೆದು ಉತ್ತರಿಸುತ್ತಿದ್ದಳು. ಎಷ್ಟು ಫ್ಯಾನ್ ತಯಾರಿಸಬೇಕೆಂಬುದು ಸೋಮನಾಥನ ಪಾಲಿನ ಕೆಲಸ. ಸಂಜೆ ನಾಲ್ಕರೊಳಗೆ ಆ ಅಂಕಿಯನ್ನು ತುಂಬಿ ಒತ್ತಬೇಕು. ಮೊದಲ ಸುತ್ತಿನಲ್ಲಿ ಅಂಕಿಯನ್ನು ಮೂರು ಸಲ ಬದಲಿಸಿದಳು. ಎರಡನೆಯದರಲ್ಲಿ, ಇದು ರೊಟ್ಟಿಯ ವ್ಯವಹಾರವೇ ಅನ್ನಿಸಿತು. ಬಿಸಿಲಿಗೆ ಮುಂಚೆ ಹೆಚ್ಚು, ಮಳೆಗೆ ಮುಂಚೆ ಕಡಿಮೆ. ಮೂರನೆಯ ಸುತ್ತು ಮುಗಿದಾಗ ಹನ್ನೆರಡು ತಂಡಗಳಲ್ಲಿ ಅವರದು ಎರಡನೆಯ ಸ್ಥಾನದಲ್ಲಿತ್ತು. ಕಾಂದಿವಲಿಯ ಪ್ಲಾಸ್ಟಿಕ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಯಕ್ಷಿತಾ ಮೈಕಿನಲ್ಲಿ ನಕ್ಕಳು: “ಸರ್, ಯು ಆರ್ ಜೀನಿಯಸ್. ಮಾತೇ ಇಲ್ಲ, ಓನ್ಲಿ ಕೆಲಸ.”

ಬದಲಾವಣೆ ಮನೆಯಲ್ಲೂ ಆಯಿತು. ಮೇಜಿನಿಂದ ಕೀಬೋರ್ಡಿನ ಟಕಟಕ ಕೇಳಿದ್ದೇ ರಾಚವ್ವ ಮಾತು ಶುರು ಮಾಡಿದಳು. “ಗದ್ಲ ಮಾಡಬ್ಯಾಡ್ರವಾ, ಸೋಮು ಕೆಲಸಕ್ಕ ಕುಂತಾನ” ಎಂದು ಬಾಗಿಲಿಗೆ ಬಂದ ಪಕ್ಕದ ಮನೆಯವರಿಗೆ ಹೇಳಿದಳು. ಮಾಧುರಿ ತಿದ್ದಲಿಲ್ಲ. ತಾನು ತಂಡದ ಇಬ್ಬರಿಗೆ ಹೇಳುತ್ತಿದ್ದುದೂ ಅದನ್ನೇ ಅಲ್ಲವೇ?

ನಾಲ್ಕನೆಯ ಭಾನುವಾರ ಕಲ್ಯಾಣದಲ್ಲಿ ಒಂದು ತೊಟ್ಟಿಲ ಕಾರ್ಯಕ್ಕೆ ಮುನ್ನೂರು ರೊಟ್ಟಿ ಮುಟ್ಟಿಸಬೇಕಿತ್ತು. ಎರಡಕ್ಕೆ ಮರಳುವ ಅಂದಾಜು. ಬಾರದಿದ್ದರೂ ದಾರಿಯಿಂದಲೇ ಅಂಕಿ ತುಂಬಬಹುದೆಂದು ಗಂಡನ ಮೊಬೈಲನ್ನು ಚೀಲದಲ್ಲಿ ಹಾಕಿಕೊಂಡಳು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಹೊರಟಳು. ಆ ದಿನ ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾಬ್ಲಾಕ್. ಮೇಲೆ ಮಳೆ. ಲೋಕಲ್ ರೈಲು ಥಾಣೆ ದಾಟಿ ಮುಲುಂಡಿನ ಹೊರಗೆ ಒಂದೂವರೆ ತಾಸು ನಿಂತಿತು. ಮೊಬೈಲಿನ ಚಾರ್ಜು ಮೂರು ಗಂಟೆಗೇ ಮುಗಿಯಿತು. ಮನೆ ಮುಟ್ಟಿದಾಗ ಐದೂವರೆ. ತಂಡವನ್ನು ಮುಳುಗಿಸಿದೆ ಎಂದುಕೊಂಡೇ ಒದ್ದೆ ಸೀರೆಯಲ್ಲಿ ಮೇಜಿಗೆ ಕೂತು ಮುಚ್ಚಳ ತೆರೆದಳು.

ನಾಲ್ಕನೆಯ ಸುತ್ತಿನ ಅಂಕಿ ತುಂಬಿಯಾಗಿತ್ತು. ಹದಿನೆಂಟು ಸಾವಿರ ಫ್ಯಾನು. ಸೋಮನಾಥ ಬಿರಾದಾರ, ಸಮಯ ಮೂರು ನಲವತ್ತು.

ಮಾಧುರಿಯ ಮನಸ್ಸಿನಲ್ಲಿದ್ದದ್ದು ಇಪ್ಪತ್ತನಾಲ್ಕು ಸಾವಿರ. ಕೆಳಗೆ ತಿಲಕ್ ಬರೆದಿದ್ದ: ‘ಸರ್, ಬೇಡಿಕೆ ಬಿದ್ದೇ ಬಿಡ್ತು. ಬೇರೆ ಟೀಮಿನವ್ರೆಲ್ಲ ಜಾಸ್ತಿ ಮಾಡಿ ಕೂತಿದ್ದಾರೆ. ನಾವು ಒಂದನೇ ನಂಬರ್!’

“ಅತ್ತಿ, ಯಾರಾದ್ರೂ ಬಂದಿದ್ರೇನು?”

“ಯಾರ್ ಬರ್ತಾರ?” ರಾಚವ್ವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. “ನೀ ಹೋದಿ, ಅಂವ ಕುಂತ. ಟಕಟಕ ಅಂತಿತ್ತು. ಚಾ ಕುಡೀತೀಯೇನಪಾ ಅಂತ ಕೇಳಿದೆ. ಮಾತಾಡ್ಲಿಲ್ಲ. ಕೆಲಸದಾಗ ಅಂವ ಮಾತಾಡಂಗಿಲ್ಲಲ್ಲ.”

ಮಾಧುರಿ ಅಂಗೈಯನ್ನು ಲ್ಯಾಪ್‌ಟಾಪಿನ ಮೇಲಿಟ್ಟಳು. ಬೆಚ್ಚಗಿತ್ತು.

ಆ ವಾರವಿಡೀ ಆಕೆ ಮೇಜಿಗೆ ಬೆನ್ನು ಹಾಕದೆಯೇ ರೊಟ್ಟಿ ಬಡಿದಳು. ಮಣೆಯನ್ನು ಅದರ ಕಡೆಗೆ ತಿರುಗಿಸಿಕೊಂಡಳು. ಯಾರಿಗೂ ಹೇಳಲಿಲ್ಲ. ಏನೆಂದು ಹೇಳುವುದು? ಸತ್ತ ಗಂಡನ ಹೆಸರಿನಲ್ಲಿ ತಾನು ಆಡುತ್ತಿದ್ದೆ, ಈಗ ಬೇರೆ ಯಾರೋ ಆಡುತ್ತಿದ್ದಾರೆ ಎಂದೇ?

ಐದನೆಯ ಭಾನುವಾರ ಬೇಕೆಂದೇ ಆಡಲಿಲ್ಲ. ಗಂಡನ ಮೊಬೈಲನ್ನು ಆರಿಸಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿತ್ತು. ತಾನು ಅತ್ತೆಯ ಮಂಚದ ತುದಿಯಲ್ಲಿ ಕೂತಳು. ಹೊರಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಕೆಳಗೆ ಹುಡುಗರ ಕ್ರಿಕೆಟ್ ಗದ್ದಲ. ಮೂರೂವರೆಯಾಯಿತು. ಖಾಲಿ ಕುರ್ಚಿಯ ಮೇಲೆ ಬಿಸಿಲಿನ ಒಂದು ಪಟ್ಟಿ ಬಿದ್ದಿತ್ತು. ಬೇರೇನೂ ಇರಲಿಲ್ಲ.

ಆಗ ರಾಚವ್ವನ ಮುಖ ಮೆಲ್ಲಗೆ ಮೇಜಿನತ್ತ ತಿರುಗಿತು. ಬೊಚ್ಚು ಬಾಯಿ ನಗೆಗೆ ಅರಳಿತು.

“ಏನ್ರಿ ಅತ್ತಿ?”

“ಕೇಳಸಂಗಿಲ್ಲೇನ ನಿನಗ?”

ಮಾಧುರಿಗೆ ಏನೂ ಕೇಳಿಸಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಮೂರು ನಲವತ್ತು. ನಾಲ್ಕು ದಾಟಿದ ಮೇಲೆ ಎದ್ದು ಹೋಗಿ ಮುಚ್ಚಳ ತೆರೆದರೆ ಅಂಕಿ ಅಲ್ಲಿತ್ತು. ಇಪ್ಪತ್ತೊಂದು ಸಾವಿರ. ಅವರು ಮೊದಲ ಸ್ಥಾನದಲ್ಲೇ ಉಳಿದಿದ್ದರು.

ಸೋಮವಾರ ಬೆಳಿಗ್ಗೆ ಧೈರ್ಯ ಮಾಡಿ ಕೋರ್ಸಿನ ಸಹಾಯವಾಣಿಗೆ ಫೋನ್ ಮಾಡಿದಳು. ಸೋಮನಾಥನ ಮನೆಯವಳು ಎಂದಷ್ಟೇ ಹೇಳಿ, ಅವರು ತುಂಬದಿದ್ದರೂ ಅಂಕಿ ಹೇಗೆ ಬರುತ್ತದೆ ಎಂದು ಕೇಳಿದಳು. ಆ ಕಡೆಯ ಹುಡುಗಿ ಹಿಂದಿಯಲ್ಲಿ ಸಲೀಸಾಗಿ ವಿವರಿಸಿದಳು. ಯಾರಾದರೂ ಮೂರು ನಲವತ್ತರವರೆಗೆ ಅಂಕಿ ತುಂಬದಿದ್ದರೆ ತಂಡಕ್ಕೆ ನಷ್ಟವಾಗಬಾರದೆಂದು ಸಾಫ್ಟ್‌ವೇರೇ ತುಂಬುತ್ತದೆ. ಆ ಸದಸ್ಯ ಅಭ್ಯಾಸದ ಆಟಗಳಲ್ಲಿ ಹೇಗೆ ಆಡಿದ್ದನೋ ಅದನ್ನು ನೋಡಿ, ಅವನು ಏನು ಮಾಡುತ್ತಿದ್ದನೋ ಅದನ್ನೇ ಮಾಡುತ್ತದೆ. “ಬಿರಾದಾರ್ ಸರ್ ಮಾರ್ಚಿನಲ್ಲಿ ನಲವತ್ತೊಂದು ಸಲ ಆಡಿದ್ದಾರೆ ಮೇಡಂ. ಅವರ ರೂಢಿ ಅದಕ್ಕೆ ಚೆನ್ನಾಗಿ ಗೊತ್ತಾಗಿದೆ.”

ಮಾಧುರಿ ಫೋನ್ ಇಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಹೆದರಿಕೆ ಇಳಿದ ಅಳು ಅದು. ದೆವ್ವವಲ್ಲ, ಪಿಶಾಚಿಯಲ್ಲ. ಯಂತ್ರ ಬಿಸಿಯಾಗಿದ್ದದ್ದು ಚಾರ್ಜಿಗೆ ಹಚ್ಚಿಟ್ಟಿದ್ದಕ್ಕಿರಬೇಕು. ಮುದುಕಿಯ ಕಿವಿಗೆ ಕೇಳಿಸಿದ್ದು ಮುದುಕಿಯ ಆಸೆ. ಆದರೆ ಇನ್ನೊಂದು ಕಡೆ, ತಾನು ಹದಿನೆಂಟು ವರ್ಷ ಜೊತೆಗಿದ್ದೂ ಗಂಡನ ತಲೆಯೊಳಗಿನ ಲೆಕ್ಕ ತನಗೆ ಇಷ್ಟು ಗೊತ್ತಿರಲಿಲ್ಲವಲ್ಲ ಎಂಬ ಸಂಕಟವೂ ಇತ್ತು. ಅವನ ಹದಿನೆಂಟು ಸಾವಿರದ ಜಾಗದಲ್ಲಿ ತಾನು ಇಪ್ಪತ್ತನಾಲ್ಕು ಎಂದುಕೊಂಡಿದ್ದಳು.

ಆರನೆಯ ಸುತ್ತಿಗೆ ಅಂಕಿಯಿಲ್ಲ. ಮೂವರೂ ಕ್ಯಾಮರಾದ ಮುಂದೆ ಬಂದು ಪ್ರೊಫೆಸರಿಗೆ ತಮ್ಮ ಕಂಪನಿಯನ್ನು ನಡೆಸಿದ ಬಗೆ ವಿವರಿಸಬೇಕು. ಅದಕ್ಕೆ ಅರ್ಧ ಗಂಟೆ ಮುಂಚೆ ತಂಡದವರಷ್ಟೇ ಸೇರುವುದೆಂದಾಗಿತ್ತು. ಮಾಧುರಿ ಇಳಕಲ್ ಸೀರೆ ಉಟ್ಟು, ಕುರ್ಚಿಗೆ ಕೂತು ಕ್ಯಾಮರಾ ಹಾಕಿದಳು.

ಪರದೆಯಲ್ಲಿ ಮೊದಲ ಸಲ ಅವರ ಮುಖ ಕಂಡಿತು. ತಿಲಕ್ ಹೋಟೆಲಿನ ಮೇಲಿನ ಕೋಣೆಯಲ್ಲಿದ್ದ; ಹಿಂದೆ ಪಾತ್ರೆಗಳ ಸದ್ದು. ಕನ್ನಡಕದ ಯಕ್ಷಿತಾ ಬಿಳಿ ಗೋಡೆಯ ಮುಂದೆ ಕೂತಿದ್ದಳು.

“ಅಕ್ಕ, ನಮಸ್ಕಾರ. ಸರ್ ಎಲ್ಲಿ?” ಎಂದ ತಿಲಕ್.

ಮಾಧುರಿ ಹೇಳಿದಳು. ಏಪ್ರಿಲಿನ ಮೆಟ್ಟಿಲಿನಿಂದ ಹಿಡಿದು, ತಡವಾಯಿತೆಂದು ಬರೆದದ್ದು, ಮೂರು ಸುತ್ತು ಆಡಿದ್ದು, ಆಮೇಲೆ ಯಂತ್ರ ಆಡಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. “ತಪ್ಪಾತು. ನನ್ನಿಂದ ನಿಮ್ಮ ಮಾರ್ಕ್ಸ್ ಹೋಗಬಾರ್ದು. ಪ್ರೊಫೆಸರ್ ಬಂದ ಕೂಡ್ಲೇ ನಾನ ಹೇಳ್ತೀನಿ.”

ಯಕ್ಷಿತಾ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಳು. ಅವಳಿಗೆ ಕನ್ನಡ ತಡವರಿಸಿ ಬರುತ್ತಿತ್ತು.

“ಆಂಟಿ, ಬಟ್... ಫೋರ್ತ್ ರೌಂಡ್ ದಿನ ಸರ್ ಕಾಲ್‌ನಲ್ಲಿ ಇದ್ರಲ್ಲ. ಮೈಕ್ ಆನ್ ಇತ್ತು.”

“ಇಲ್ಲವ್ವಾ. ಅವತ್ತ ನಾ ಲೋಕಲ್‌ನಾಗ ಸಿಕ್ಕೊಂಡಿದ್ದೆ.”

“ಇದ್ರು ಆಂಟಿ. ತಿಲಕ್, ಬೋಲ್ ನಾ.”

ತಿಲಕನ ಮುಖ ಬಿಳಿಚಿಕೊಂಡಿತ್ತು. “ಹೌದಕ್ಕ. ಸರ್ ಮಾತಾಡ್ಲಿಲ್ಲ. ಟೈಪ್ ಮಾಡುವ ಸೌಂಡ್ ಬರ್ತಿತ್ತು, ಅಷ್ಟೆ. ಹಿಂದೆ ಒಬ್ರು ಅಜ್ಜಿ ‘ಚಾ ಕುಡೀತೀಯೇನಪಾ’ ಅಂತ ಕೇಳಿದ್ರು. ಆಗ ಸರ್ ಕೆಮ್ಮಿದ್ರು. ಎರಡು ಸಲ.”

ಮಾಧುರಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಕೆಲಸದ ನಡುವೆ ಯಾರಾದರೂ ಮಾತಾಡಿಸಿದರೆ ಬೇಡವೆನ್ನಲು ಸೋಮನಾಥ ಮಾಡುತ್ತಿದ್ದದ್ದೇ ಅದು: ಸಣ್ಣಗೆ ಎರಡು ಸಲ ಕೆಮ್ಮುವುದು. ಅದನ್ನು ಆಕೆ ಅವರಿಗೆ ಹೇಳಿರಲಿಲ್ಲ. ಬರೆದೂ ಇರಲಿಲ್ಲ.

“ಅಕ್ಕ,” ತಿಲಕನ ದನಿ ಕುಗ್ಗಿತ್ತು. “ನಿಮ್ಮ ಕೈ ಕೀಬೋರ್ಡ್ ಮೇಲೆ ಇಲ್ಲ ಅಲ್ವಾ?”

“ಇಲ್ಲ.”

“ಇಲ್ಲಿ ನಮ್ಗೆ ಕಾಣ್ತಾ ಉಂಟು. ‘ಸೋಮನಾಥ್ ಬರೆಯುತ್ತಿದ್ದಾರೆ’ ಅಂತ.”

ಮೂವರೂ ಕಾದರು. ಅರ್ಧ ನಿಮಿಷವಿರಬೇಕು ಎನ್ನುತ್ತಾಳೆ ಮಾಧುರಿ. ಮಂಚದ ಮೇಲೆ ರಾಚವ್ವನ ಕೈಯ ಜಪಮಣಿಯ ಸದ್ದೂ ನಿಂತಿತ್ತು. ಆಮೇಲೆ ತಿಲಕ್ ಉಸಿರು ಬಿಟ್ಟ. “ಹೋಯ್ತು. ಏನೂ ಬರ್ಲಿಲ್ಲ.”

ಆಕೆಗೆ ಆಗ ಹೆದರಿಕೆಯಾಗಲಿಲ್ಲವಂತೆ. ಗಂಡ ಏನು ಹೇಳಬೇಕೆಂದಿದ್ದನೋ, ಹೇಳಲಾಗದೆ ಎದ್ದುಹೋದನಲ್ಲ ಎಂದು ಪರದೆಯನ್ನೇ ನೋಡುತ್ತ ಕೂತಳಂತೆ. ಹೆದರಿಕೆ ಬಂದದ್ದು ಸಂಜೆಗೆ. ಆ ಕೋಣೆಯಲ್ಲಿ ಒಬ್ಬಳೇ ದೀಪ ಹಾಕಲಾರದೆ, ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತಳು. ನನಗೆ ಇದೆಲ್ಲ ತಿಳಿದದ್ದು ಅಂದೇ.

ಪ್ರೊಫೆಸರಮ್ಮ ಬಂದಾಗ ಮಾಧುರಿ ತಾನು ಯಾರೆಂದು ಹೇಳಿದಳು. ಕೆಮ್ಮಿನ ವಿಷಯವನ್ನು ಮೂವರಲ್ಲಿ ಯಾರೂ ಎತ್ತಲಿಲ್ಲ. ಪ್ರೊಫೆಸರಮ್ಮ ಸಿಟ್ಟಾಗಲಿಲ್ಲ, ನಿಯಮ ನಿಯಮವೇ ಎಂದು ಸೋಮನಾಥನ ಹೆಸರನ್ನು ಪಟ್ಟಿಯಿಂದ ತೆಗೆದು, ಉಳಿದಿಬ್ಬರ ಅಂಕಗಳನ್ನು ಅವರವರ ಕೆಲಸ ನೋಡಿ ಕೊಟ್ಟರು. ಎರಡು ದಿನಗಳ ನಂತರ ಅವನ ಖಾತೆ ಮುಚ್ಚಿದೆಯೆಂಬ ಮೇಲ್ ಬಂತು. ಅದಾದ ಮೇಲೆ ಹಸಿರು ಚುಕ್ಕೆ ಮತ್ತೆ ಹೊತ್ತಿಲ್ಲ, ತಾನು ದಿನಾ ನೋಡುತ್ತೇನೆ ಎಂದು ತಿಲಕ್ ಒಮ್ಮೆ ಫೋನಿನಲ್ಲಿ ಹೇಳಿದ.

ಅದೇ ತಿಲಕ್ ಆಗಸ್ಟಿನಲ್ಲಿ ತನ್ನ ತಂದೆ ಧನರಾಜರನ್ನು ಕರೆದುಕೊಂಡು ಬಂದ. ಹೋಟೆಲಿಗೆ ದಿನಕ್ಕೆ ಎಷ್ಟು ಅಕ್ಕಿ ನೆನೆಸಬೇಕು, ಎಷ್ಟು ತರಕಾರಿ ತರಿಸಬೇಕು ಎಂದು ನೋಡಿಕೊಳ್ಳಲು ಒಬ್ಬರು ಬೇಕಿತ್ತು. “ಮೊದಲ ಮೂರು ರೌಂಡ್ ನೀವೇ ಅಲ್ವಾ ಅಕ್ಕ ಆಡಿದ್ದು?” ಎಂದ ತಿಲಕ್. ಮಾಧುರಿ ಎರಡು ದಿನ ಯೋಚಿಸಿ ಒಪ್ಪಿದಳು. ಈಗ ಬೆಳಗಿನ ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಿ ಗ್ರಾಂಟ್ ರೋಡಿಗೆ ಹೋಗುತ್ತಾಳೆ. ರೊಟ್ಟಿ ಬಡಿಯುವ ಕೆಲಸವನ್ನು ಕೆಳಮನೆಯ ಇಬ್ಬರು ಹೆಂಗಸರಿಗೆ ವಹಿಸಿದ್ದಾಳೆ.

ಹಗಲು ಒಬ್ಬಳೇ ಇರುವ ರಾಚವ್ವನ ಚಿಂತೆ ಮೊದಮೊದಲು ಆಕೆಯನ್ನು ಕಾಡುತ್ತಿತ್ತು. ಒಂದು ಸಂಜೆ ಮನೆಗೆ ಬಂದವಳು ಹೋಟೆಲಿನ ಸುದ್ದಿಯನ್ನೆಲ್ಲ ಬಡಬಡ ಹೇಳುತ್ತಿರುವಾಗ ಮುದುಕಿ ತಡೆದಳು.

“ಅಂವ ಹೋದ ಮ್ಯಾಲೆ ನೀ ಭಾಳ ಮಾತಾಡಾಕತ್ತಿ ನೋಡು.”

ಮಗ ಹೋದ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮಾಧುರಿ ಚೀಲವನ್ನು ಕೆಳಗಿಟ್ಟು ಅವಳ ಪಕ್ಕ ಕೂತಳು. ಕತ್ತಲಾಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ಆಮೇಲೆ ಮಾಧುರಿ ಎದ್ದು ದೀಪ ಹಾಕಿದಳು.